ಟೀಚರ್ ಹೇಳಬೇಕಾದ ವಾಕ್ಯ

ಸೀಮೆಸುಣ್ಣ ಕಿರ್ ಎಂದಿತು, ರ‍್ಯಾಡಿಕಲಿ, ಕೊನೆಯ ಅಕ್ಷರದ ಬಾಲ ಹಲಗೆಯಂಚಿಗೆ ಜಾರಿತು, ಬುಡದಿಂದಲೇ ಬದಲಾಗುವುದು ಅಂತ ಅರ್ಥ, ಮೇಲೆ ಬಣ್ಣ ಬಳಿದದ್ದಕ್ಕೆಲ್ಲ ಈ ಪದ ಹಾಕಬಾರದು ಎನ್ನುತ್ತಿದ್ದೇನೆ, ಸಂಜೆಯ ಈ ಇಂಗ್ಲಿಷ್ ತರಗತಿಯಲ್ಲಿ ನನ್ನದೊಂದೇ ಕಟ್ಟಳೆ, ಹೊಸ ಪದ ಕಲಿತವರು ತಮ್ಮ ಬದುಕಿನದೇ ವಾಕ್ಯ ಹೇಳಬೇಕು, ಸುಳ್ಳು ನಡೆಯುವುದಿಲ್ಲ — ಲಾರಿ ಡ್ರೈವರ್ ಎದ್ದ, ನನ್ ಹೊಟ್ಟೆ ರ‍್ಯಾಡಿಕಲಿ ಬದ್ಲಾಗಿದೆ ಟೀಚರ್, ಬದ್ಲಾಗಿಲ್ಲ ಅಣ್ಣಾ, ಬೆಳ್ದಿದೆ ಅಷ್ಟೇ ಎಂದಳು ಬಟ್ಟೆ ಹೊಲಿಯುವವಳು, ಎಲ್ಲರೂ ನಕ್ಕರು, ನಾನೂ ನಕ್ಕಿರಬೇಕು, ಬೆಳಿಗ್ಗೆ ಡಾಕ್ಟರ ಬಾಯಲ್ಲೂ ಇದೇ ಪದ, ನಿಮ್ಮ ಯಜಮಾನ್ರು ಸ್ವಲ್ಪ ಬದ್ಲಾಗಿದಾರೋ, ರ‍್ಯಾಡಿಕಲಿನೋ, ಜೊತೇಲಿ ಬಾಳಿದೋರು ನೀವು, ಕ್ಲಾಸ್ ಮುಗಿಸ್ಕೊಂಡು ಫೋನ್ ಮಾಡಿ, ಸ್ವಲ್ಪ ಎಂದರೆ ನಾಳೆ ಮನೆಗೆ, ಇಲ್ಲವಾದರೆ ತಲೆ ಕೆಟ್ಟವರನ್ನಿಡುವ ಊರಾಚೆಯ ಆ ಉದ್ದ ಕಟ್ಟಡಕ್ಕೆ, ಅಲ್ಲಿಗೆ ಹೋದವರು ಬೇಗ ಬರುವುದಿಲ್ಲ — ಏಣಿಯಿಂದ ಬಿದ್ದು ತಲೆ ಒಡೆದುಕೊಳ್ಳುವ ಮುಂಚೆ ಅವನ ಮಾತೆಂದರೆ ಮೆಣಸಿನಕಾಯಿ, ಲೇ, ಇದು ಕಾಫಿನೋ ಪಾತ್ರೆ ತೊಳೆದ ನೀರೋ ಎನ್ನುತ್ತಲೇ ಎರಡನೇ ಲೋಟಕ್ಕೆ ಕೈ ಚಾಚುತ್ತಿದ್ದ, ಈಗ ಕೊಟ್ಟದ್ದನ್ನು ಕುಡಿದು ತುಂಬಾ ಚೆನ್ನಾಗಿದೆ ಎನ್ನುತ್ತಾನೆ, ತಣ್ಣಗಾಗಿದ್ದರೂ, ಸಕ್ಕರೆಯೇ ಇಲ್ಲದಿದ್ದರೂ, ಅತ್ತೆಗೆ ಹಿಗ್ಗೋ ಹಿಗ್ಗು, ಬಿದ್ದಿದ್ದೇ ಒಳ್ಳೇದಾಯ್ತು ಬಿಡಮ್ಮಾ, ಹುಲಿ ಥರ ಇದ್ದೋನು ಹಸು ಆದ, ನಿನ್ ಪುಣ್ಯ, ಡಾಕ್ಟರ್ ಹತ್ರ ಇಲ್ಲದ್ದೆಲ್ಲ ಒದರಬೇಡ — ಹೆತ್ತ ಕರುಳು, ಮಗ ಉಸಿರಾಡುತ್ತಿದ್ದರೆ ಸಾಕು ಅವರಿಗೆ, ನನಗೆ, ನನಗೇನು ಬೇಕು, ಹಸುವಿನ ಜೊತೆ ಜಗಳ ಆಡುವುದು ಹೇಗೆ — ಟೀಚರ್, ರೂಲ್ಸ್ ಅಂದ್ರೆ ಎಲ್ರಿಗೂ ಒಂದೇ, ನಿಮ್ದೊಂದು ಹೇಳಿ, ಹೊಲಿಯುವವಳು ಕೆಣಕುತ್ತಿದ್ದಾಳೆ, ಹೌದೌದು ಎಂದು ಡ್ರೈವರ್ ಮೇಜು ಬಡಿಯುತ್ತಾನೆ, ನನ್ನ ಗಂಡ, ಎಂದು ಶುರು ಮಾಡುತ್ತೇನೆ, ಮುಂದಿನ ಪದ ಹಲಗೆಯ ಮೇಲೇ ಇದೆ, ಓದಿದರಾಯಿತು, ಮಧ್ಯಾಹ್ನ ಆಸ್ಪತ್ರೆಯಲ್ಲಿ ಅತ್ತೆ ಔಷಧಿ ತರಲು ಹೋಗಿದ್ದಾಗ ಅವನು ಕಿತ್ತಳೆ ಸುಲಿದ, ಅವಸರವಿಲ್ಲದೆ ಬಿಳಿ ನಾರನ್ನೆಲ್ಲ ಬಿಡಿಸಿದ, ಒಂದು ತೊಳೆಯನ್ನು ಅಂಗೈಯಲ್ಲಿಟ್ಟು ನನ್ನತ್ತ ಚಾಚಿದ, ತಗೊಳ್ಳಿ, ಸಂಕೋಚ ಮಾಡ್ಕೋಬೇಡಿ, ನಿಮ್ಮ ಯಜಮಾನ್ರು ಯಾವ ವಾರ್ಡಲ್ಲಿದಾರೆ — ಟೀಚರ್, ಯಾಕ್ ನಿಂತ್ಬಿಟ್ರಿ — ಆ ಅಂಗೈ, ಅದರ ಮೇಲೆ ಆ ತೊಳೆ, ಹನಿಯುತ್ತಿರುವ ರಸ, ನಾನು ತೆಗೆದುಕೊಳ್ಳಲೆಂದು ಕಾಯುತ್ತಿರುವ ಆ ಅಂಗೈ, ಆ ಅಂಗೈ