ರೈಟರ್ ಕೋರ್ಸ್

ಕಾಫಿ ತೋಟದಲ್ಲಿ ರೈಟರ್ ಎಂದರೆ ಕಥೆ ಬರೆಯುವವನಲ್ಲ, ಹಾಜರಿ ಬರೆಯುವವನು. ಯಾರು ಕೆಲಸಕ್ಕೆ ಬಂದರು, ಯಾರಿಗೆ ಅರ್ಧ ದಿನ, ಯಾರ ಬುಟ್ಟಿಯ ಹಣ್ಣು ಎಷ್ಟು ತೂಗಿತು ಎಂಬುದೆಲ್ಲ ಅವನು ಬರೆದಂತೆಯೇ ನಿಲ್ಲುತ್ತದೆ. ಅಂಜನಮ್ಮ ಹಣ್ಣು ಕೊಯ್ಯುತ್ತಿದ್ದಾಗ ಇಳಿಜಾರಿನಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡ ದಿನ, ಮುದಿ ರೈಟರ್ ಭೂತಯ್ಯ ಅವಳ ಹೆಸರಿನ ಮುಂದೆ ರಜೆ ಎಂದು ಬರೆದ. ಅವಳನ್ನು ಕಂಬಳಿಯಲ್ಲಿ ಹೊತ್ತು ತಂದ ಹೆಂಗಸರೆಲ್ಲ ಅಂಗಳದಲ್ಲಿ ನಿಂತೇ ಇದ್ದರು. ಆದರೂ ಕೆಲಸಕ್ಕೇ ಬಾರದವಳು ಕೆಲಸದಲ್ಲಿ ಬಿದ್ದಿರಲಾರಳೆಂದು ಸಾಹುಕಾರರಾದ ಮಲ್ಲಿಕಾರ್ಜುನಪ್ಪನವರು ತೀರ್ಮಾನಿಸಿದರು. ಚಿಕಿತ್ಸೆಯ ಹೊಣೆ ತೋಟದ್ದಲ್ಲವೆಂದಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆಳುಗಳ ಸಾಲುಮನೆಯಾದ ಕೂಲಿ ಲೈನಿನಲ್ಲಿ ರೂಮು ದುಡಿಯುವ ಆಳಿಗೆ ಮಾತ್ರ. ಅಂಜನಮ್ಮನ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಈಗ ಅವಳ ಕಾಲೂ ಹೋದ ಮೇಲೆ, ಪಿಯುಸಿ ಮುಗಿಸಿದ್ದ ಮಗಳು ಶಾಲಿನಿ ಬುಟ್ಟಿ ಹಿಡಿದು ಕೆಲಸಕ್ಕೆ ಬರಬೇಕು, ಇಲ್ಲವೇ ರೂಮು ಬಿಡಬೇಕು.

ಶಾಲಿನಿ ಸಾಹುಕಾರರ ಜಗಲಿಯ ಕೆಳಗೆ ನಿಂತು, ಭೂತಯ್ಯ ಬರುವ ವರ್ಷ ಕೆಲಸ ಬಿಡುತ್ತಾನಂತೆ, ಆ ಜಾಗ ತನಗೆ ಕೊಡಬೇಕೆಂದು ಬೇಡಿದಳು. ಹೆಂಗಸು ರೈಟರ್ ಆದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಸಾಹುಕಾರರು ಬಹಳ ಹೊತ್ತು ನಕ್ಕರು. ಆಮೇಲೆ, ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಅತಿಥಿಗಳಿಗೂ ಕೇಳುವಂತೆ ಹೇಳಿದರು: "ಆಲ್ದೂರಲ್ಲಿ ಹೊಸ ಕಾಲೇಜು ಮಾಡ್ತಿದೀವಲ್ಲ, ಅಲ್ಲಿ ರೈಟರ್ ಕೋರ್ಸ್ ಪಾಸ್ ಮಾಡ್ಕೊಂಡು ಬಾ. ಕೆಲಸ ಕೊಡೋಣ. ಅಲ್ಲೀವರೆಗೆ ರೂಮು ಇರ್ಲಿ."

ಅತಿಥಿಗಳ ಎದುರಿಗೆ ಔದಾರ್ಯ ತೋರುವುದು ಸುಲಭ. ಅದನ್ನು ಅವರು ಹೋದ ಮೇಲೂ ಉಳಿಸಿಕೊಳ್ಳುವವರೇ ಮಾತಿನವರು.

ಅದು ಎರಡು ಸಾವಿರದ ಮೂರನೆಯ ಇಸವಿ. ಬೆಳೆಗಾರರ ಟ್ರಸ್ಟೊಂದು ಆಲ್ದೂರಿನ ಹಳೆಯ ಕಾಫಿ ಗೋದಾಮಿನಲ್ಲಿ ಸಮುದಾಯ ಕಾಲೇಜು ತೆರೆದಿತ್ತು. ಒಂದು ವರ್ಷದ ಓದು, ಕೊನೆಗೊಂದು ಸರ್ಟಿಫಿಕೇಟು. ಗೋಡೆಗೆ ಸುಣ್ಣ ಬಳಿದಿದ್ದರೂ ತೊಳೆದು ಒಣಗಿಸಿದ ಪಾರ್ಚ್ಮೆಂಟ್ ಕಾಫಿಬೀಜದ ಹುಳಿವಾಸನೆ ಒಳಗಿನಿಂದ ಹೋಗಿರಲಿಲ್ಲ. ಪ್ರಿನ್ಸಿಪಾಲರಾದ ಗಿರಿಜಾಂಬಾ ಮೇಡಂ ತುಮಕೂರಿನ ಕಡೆಯಿಂದ ಬಂದವರು, ತೋಟದ ಮಾತು ತಿಳಿಯದವರು, ಆದರೆ ಒಳ್ಳೆಯವರು. ಪ್ರವೇಶದ ದಿನ ಅವರು ಶಾಲಿನಿಯನ್ನು ಕೂರಿಸಿ, ಮುಂದೆ ಏನಾಗಬೇಕೆಂದು ಕೇಳಿದರು.

"ರೈಟರ್ ಆಗ್ಬೇಕು ಮೇಡಂ."

ಗಿರಿಜಾಂಬಾ ಕನ್ನಡಕ ತೆಗೆದರು. ಕೂಲಿ ಲೈನಿನ ಹುಡುಗಿಯ ಬಾಯಲ್ಲಿ ಇಂಥ ಮಾತನ್ನು ಅವರು ನಿರೀಕ್ಷಿಸಿರಲಿಲ್ಲ. ಈ ಆಸೆ ಹುಟ್ಟಿದ್ದು ಹೇಗೆಂದು ಮೆಲ್ಲಗೆ ವಿಚಾರಿಸಿದರು. ಅಮ್ಮನಿಗೆ ಅನ್ಯಾಯವಾಯಿತು, ನಡೆದದ್ದನ್ನು ನಡೆದ ಹಾಗೆ ಬರೆಯುವವರು ಬೇಕು ಎಂದಳು ಶಾಲಿನಿ. ಮೇಡಂ ಕಣ್ಣು ತುಂಬಿ ಬಂತು.

"ನಿನ್ನನ್ನು ಬರವಣಿಗೆ ವಿಭಾಗಕ್ಕೆ ಸೇರಿಸ್ಕೋತೀನಿ" ಎಂದರು.

ಲೈನಿನಲ್ಲಿ ಭೂತಯ್ಯನ ಕೆಲಸಕ್ಕೂ ಬರವಣಿಗೆ ಎಂದೇ ಹೆಸರು. ಶಾಲಿನಿ ಕೈಮುಗಿದು ಸಹಿ ಹಾಕಿದಳು.

ಮೊದಲ ಪಾಠದಲ್ಲಿ ಮಂಜಿನ ಬಗ್ಗೆ ಬರೆಯಿರೆಂದರು. ಮಂಜು ಹೆಚ್ಚಿದ ದಿನ ಕೆಲಸ ತಡವಾಗಿ ಶುರುವಾಗುತ್ತದೆ, ತಡವಾಗಿ ಬಂದವರ ಅರ್ಧ ದಿನ ಹೋಗುತ್ತದೆ ಎಂದು ಅವಳು ಬರೆದಳು. ಎರಡನೆಯ ವಾರ ಹಕ್ಕಿಗಳ ಬಗ್ಗೆ ಬರೆಸಿದರು. ಲೆಕ್ಕ ಮುಂದೆ ಬರಬಹುದೆಂದು ಅವಳು ಕಾಯುತ್ತಿದ್ದಳು. ಒಂದು ದಿನ ನೀರು ಕುಡಿಯಲು ಹೊರಗೆ ಬಂದಾಗ ಪಕ್ಕದ ಕೋಣೆಯ ಬೋರ್ಡು ಕಾಣಿಸಿತು. ಅದರ ತುಂಬ ಹಾಜರಿಯ ಅಡ್ಡಗೆರೆ, ಉದ್ದಗೆರೆಗಳು. ಜಿಯಾಉದ್ದೀನ್ ಮೇಷ್ಟ್ರು ತೂಕ ಬರೆಯುವ ಬಗೆ ಹೇಳಿಕೊಡುತ್ತಿದ್ದರು. ಬಾಗಿಲ ಮೇಲೆ ತೋಟ ಲೆಕ್ಕಪತ್ರ ವಿಭಾಗ ಎಂದಿತ್ತು.

ಅವಳು ನೀರು ಕುಡಿಯದೆ ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ತಾನು ಸೇರಬೇಕಾದದ್ದು ಆ ಕೋಣೆಗೆ ಎಂದಳು. ಗಿರಿಜಾಂಬಾ ಅದನ್ನು ಅಳುಕೆಂದು ತಿಳಿದರು. ಲೆಕ್ಕ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ, ನಿನ್ನಂಥವಳು ಸಿಗುವುದಿಲ್ಲ, ಹೆದರಬೇಡ ಎಂದು ಬೆನ್ನು ತಟ್ಟಿ ಕಳಿಸಿದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಬೆನ್ನು ತಟ್ಟುವ ಕೈಗೆ ಏನು ಹೇಳುವುದು? ಹುಡುಗಿ ಹೇಳಿದ ಪೂರ್ತಿ ಮಾತನ್ನು ಕೇಳಿಸಿಕೊಳ್ಳದೆ ಅವಳ ಮೇಲೆ ಕರುಣೆ ತೋರುವುದು ಕೂಡ ಒಂದು ಬಗೆಯ ದರ್ಪವೇ.

ಪಾಠ ಶುರುವಾದ ಮೇಲೆ ನಡೆದ ಕಾಲೇಜಿನ ವಿಧ್ಯುಕ್ತ ಉದ್ಘಾಟನೆಗೆ ಟ್ರಸ್ಟಿನ ಅಧ್ಯಕ್ಷರು ಬಂದರು. ಅಧ್ಯಕ್ಷರು ಮಲ್ಲಿಕಾರ್ಜುನಪ್ಪನವರೇ. ಗಿರಿಜಾಂಬಾ ಭಾಷಣದ ನಡುವೆ ಶಾಲಿನಿಯನ್ನು ವೇದಿಕೆಗೆ ಕರೆದು, ಇವಳು ಅಧ್ಯಕ್ಷರದೇ ತೋಟದ ಮಗಳು, ರೈಟರ್ ಆಗಬೇಕೆಂದು ಪಣ ತೊಟ್ಟವಳು, ಬರವಣಿಗೆ ವಿಭಾಗದಲ್ಲಿದ್ದಾಳೆ ಎಂದು ಪರಿಚಯಿಸಿದರು.

ಸಾಹುಕಾರರು ಶಾಲಿನಿಯ ಮುಖ ನೋಡಿದರು, ಪ್ರಿನ್ಸಿಪಾಲರ ಮುಖ ನೋಡಿದರು. ಆ ಸಭೆಯಲ್ಲಿ ಆ ಪದದ ಎರಡು ಅರ್ಥಗಳೂ ಗೊತ್ತಿದ್ದು, ನಡೆದ ತಪ್ಪನ್ನು ಒಂದೇ ಮಾತಿನಲ್ಲಿ ಸರಿಪಡಿಸುವ ಅಧಿಕಾರವೂ ಇದ್ದವರು ಅವರೊಬ್ಬರೇ. ಅವರು ಎದ್ದು, ಹಾರವನ್ನು ತಮ್ಮ ಕೊರಳಿನಿಂದ ತೆಗೆದು ಅವಳಿಗೆ ಹಾಕಿದರು. ಜನ ಚಪ್ಪಾಳೆ ತಟ್ಟಿದರು.

ಸಾಹುಕಾರರು ಜೀಪು ಹತ್ತುವ ಮುಂಚೆ ಅವಳೇ ಎದುರು ಹೋಗಿ ನಿಂತಳು. ಮೇಡಂಗೆ ಅರ್ಥವಾಗಿಲ್ಲ, ತಾವೊಂದು ಮಾತು ಹೇಳಬೇಕೆಂದು ಕೇಳಿದಳು.

"ಬರ್ದಿರೋದ್ರಲ್ಲಿ ತಪ್ಪೇನಿದೆ? ಬರವಣಿಗೆಗೆ ಸೇರ್ಕೊಂಡಿದೀಯ. ಚೆನ್ನಾಗ್ ಬರಿ."

"ಕೆಲಸ, ರೂಮು ಅಂತ ತಾವು ಮಾತು ಕೊಟ್ಟಿದ್ರಿ."

"ನಾನು ಮಾತಿಗೆ ತಪ್ಪೋನಲ್ಲಮ್ಮ. ರೈಟರ್ ಕೋರ್ಸ್ ಪಾಸ್ ಮಾಡ್ಕೊಂಡು ಬಾ ಅಂದಿದ್ದೆ. ನೀನು ಹಕ್ಕಿ, ಮೋಡ ಬರೀತಿದೀಯಂತಲ್ಲ, ಅದು ನಮ್ ತೋಟಕ್ಕೆ ಯಾತಕ್ಕೆ?" ಜೀಪಿನ ಬಾಗಿಲು ಹಾಕಿಕೊಂಡು, ಕಿಟಕಿಯಿಂದ ಕೊನೆಯದಾಗಿ ಹೇಳಿದರು: "ಹಾಜರಿ ಬರ್ದ್ರೆ ಹತ್ತು ಜನಕ್ಕೆ ತೊಂದ್ರೆ. ಕಥೆ ಬರಿ, ಯಾರಿಗೂ ತೊಂದ್ರೆ ಇಲ್ಲ."

ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ಇನ್ನೊಬ್ಬರ ತಪ್ಪನ್ನು ತಿಳಿದೂ ತಿಳಿದೂ ತನ್ನ ಬೇಲಿಯ ಗೂಟವಾಗಿ ಬಳಸಿಕೊಂಡವನನ್ನು ಏನೆಂದು ಕರೆಯಬೇಕು? ಆ ಊರು ಅವನನ್ನು ವಿದ್ಯಾದಾನಿ ಎಂದು ಕರೆಯಿತು.

ಮರುದಿನ ಶಾಲಿನಿ ಪ್ರಿನ್ಸಿಪಾಲರಿಗೆ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು: ಭೂತಯ್ಯ ಯಾರು, ಯಾವ ದಿನ ರಜೆ ಎಂದು ಬರೆದ, ರೂಮು ಯಾರದು. ಗಿರಿಜಾಂಬಾ ಈ ಸಲ ಕೇಳಿಸಿಕೊಂಡರು. ತಮ್ಮದೇ ತಪ್ಪು ಎಂದರು. ವಿಭಾಗ ಬದಲಿಸಲು ಅಧ್ಯಕ್ಷರ ಒಪ್ಪಿಗೆ ಬೇಕೆಂದರು. ಪ್ರತಿಭಟಿಸಿದರೆ ಅವರ ಕೆಲಸಕ್ಕೂ ಕುತ್ತು ಬರುತ್ತಿತ್ತು. ಅದನ್ನವರು ಬಾಯಿಬಿಟ್ಟು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಸಂಜೆ ಅಂಜನಮ್ಮ ಒಲೆಯ ಮುಂದೆ ಕಾಲು ಚಾಚಿ ಕುಳಿತು ಎಲ್ಲ ಕೇಳಿದಳು. ಗೋಡೆಯ ಗೂಟದಲ್ಲಿ ಅವಳ ಕೊಯ್ಲಿನ ಬುಟ್ಟಿ ತೂಗುತ್ತಿತ್ತು.

"ಸಾಕು ಬಿಡೇ ಮಾರಾಯ್ತಿ. ಕೊಯ್ಲು ಬರ್ತದೆ, ಬುಟ್ಟಿ ಇಳ್ಸು. ಸೂರಾದ್ರೂ ಉಳೀತದೆ."

"ಬುಟ್ಟಿ ಹಿಡಿದ್ರೆ ನನ್ ಹಾಜರೀನೂ ಆ ಭೂತಯ್ಯನೇ ಬರಿಯೋದು ಅಮ್ಮ."

ಬುಟ್ಟಿ ಹಿಡಿದರೆ ರೂಮು ಉಳಿಯುತ್ತಿತ್ತು, ಆ ರೂಮಿನಿಂದ ಹೊರಬೀಳುವ ದಾರಿ ಮುಚ್ಚುತ್ತಿತ್ತು. ಕಾಲೇಜಿಗೆ ಹೋದರೆ ವರ್ಷದ ಕೊನೆಗೆ ಕೈಗೆ ಸಿಗುವುದು ಸಾಹುಕಾರರಿಗೆ ನಗು ತರಿಸುವ ಸರ್ಟಿಫಿಕೇಟು. ಎತ್ತ ತಿರುಗಿದರೂ ಗೋಡೆಯೇ ಇತ್ತು.

ಬೆಳಿಗ್ಗೆ ಅವಳು ಬುಟ್ಟಿಯನ್ನು ಮುಟ್ಟದೆ ಬಸ್ಸು ಹತ್ತಿದಳು. ಬರವಣಿಗೆ ವಿಭಾಗವನ್ನು ದಾಟಿ, ಲೆಕ್ಕಪತ್ರದ ಕೋಣೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಳು. ಜಿಯಾಉದ್ದೀನ್ ಮೇಷ್ಟ್ರು ಹಾಜರಿ ಕರೆದು ಮುಗಿಸಿ ತಲೆ ಎತ್ತಿದರು. ಕಾಲೇಜಿನಲ್ಲಿ ಎಲ್ಲರಿಗೂ ಅವಳ ಸುದ್ದಿ ಗೊತ್ತಾಗಿತ್ತು.

"ನಿನ್ ಹೆಸ್ರು ಇಲ್ಲಿಲ್ವಲ್ಲಮ್ಮ, ಆ ಕಡೆ ರೂಮಲ್ಲಿದೆ" ಎಂದರು.

"ಗೊತ್ತು ಸಾರ್."

"ನಾನು ಪಾಠ ಕೇಳ್ಬೇಡ ಅನ್ನಲ್ಲ. ಆದ್ರೆ ಇಲ್ಲಿ ಹೆಸ್ರು ಸೇರ್ಸೋಕೆ ನಂಗೆ ಅಧಿಕಾರ ಇಲ್ಲ, ಅಲ್ಲಿ ಗೈರುಹಾಜರಿ ಬೀಳ್ತದೆ. ವರ್ಷ ಕಳೆದ್ರೆ ಅದೂ ಇಲ್ಲ, ಇದೂ ಇಲ್ಲ."

"ನಮ್ಮಮ್ಮಂಗೂ ಹಂಗೇ ಆಗಿದ್ದು ಸಾರ್. ಕೆಲಸಕ್ಕೆ ಬಂದಿದ್ದ ದಿನಾನೇ ರಜೆ ಹಾಕಿದ್ರು."

ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ಎಲ್ಲರೂ ಹಾಜರಿಯ ಹಾಳೆಗೆ ಗೆರೆ ಹಾಕಿಕೊಳ್ಳಿ ಎಂದರು. ಶಾಲಿನಿ ಹಕ್ಕಿಗಳ ಬಗ್ಗೆ ಬರೆದ ಪುಟವನ್ನು ಮಗುಚಿ ಸ್ಕೇಲು ಇಟ್ಟಳು.

ಗೋದಾಮಿನ ನಡುಗೋಡೆ ಹಲಗೆಯದು. ಆಚೆಯ ಮಾತು ಈಚೆಗೆ ಕೇಳುತ್ತದೆ. ಅಲ್ಲಿ ಹಾಜರಿ ಕರೆಯುತ್ತಿದ್ದರು. ಅವಳ ಹೆಸರು ಬಂತು. ಉತ್ತರವಿಲ್ಲದೆ ಮತ್ತೊಮ್ಮೆ ಕರೆದರು. ಒಂದು ಗಳಿಗೆ ಕಾದು, ಮುಂದಿನ ಹೆಸರಿಗೆ ಹೋದರು. ಶಾಲಿನಿ ಗೆರೆಯನ್ನು ಹಾಳೆಯ ಅಂಚಿನವರೆಗೆ ಎಳೆದಳು. ಅದು ಒಂದಿಷ್ಟೂ ಸೊಟ್ಟಗಾಗಿರಲಿಲ್ಲ.