ಹತ್ತೊಂಬತ್ತನೆಯ ಪುಟದ ಕುಣಿತ

“ಮೆಲ್ಲಗೆ ಮಾರಾಯ್ತಿ, ಕಾಗದ ಹರಿದುಹೋಗತ್ತೆ! ಇರೋದು ಒಂದೇ ಪ್ರತಿ,” ಎಂದು ಪುರಸಭೆಯ ಗುಮಾಸ್ತ ಸ್ಟಾಮಾಟಿಸ್ ಕುರ್ಚಿಯಿಂದ ಅರ್ಧ ಎದ್ದ.

ಥೆಮೆಲಿನಾ ಹತ್ತೊಂಬತ್ತನೆಯ ಪುಟದ ಸಾಲುಗಳ ಮೇಲೆ ಕೆಂಪು ಪೆನ್ನಿನಿಂದ ಇನ್ನೊಂದು ಗೆರೆ ಎಳೆದಳು. ದ್ವೀಪಕ್ಕೆ ರಜೆ ಕಳೆಯಲು ಬರುವವರಿಗಾಗಿ ಪುರಸಭೆ ಅಚ್ಚು ಹಾಕಿಸುತ್ತಿದ್ದ ಕೈಪಿಡಿ ಅದು. ತಿದ್ದಿದ ಪ್ರತಿ ಮೂರು ಗಂಟೆಯ ಹಡಗಿಗೆ ಪಿರೇಯಸ್‌ನ ಮುದ್ರಣಾಲಯಕ್ಕೆ ಹೋಗಬೇಕಿತ್ತು. ಹದಿನೈದು ವರ್ಷದಿಂದ ಬಂದವರಿಗೆಲ್ಲ ಊರು ತೋರಿಸುವವಳು, ತಪ್ಪಿದ್ದರೆ ಇವಳ ಕಣ್ಣಿಗೇ ಬೀಳಬೇಕು ಎಂದು ಸ್ಟಾಮಾಟಿಸನೇ ಅದನ್ನು ಅವಳ ಕೈಗೆ ಕೊಟ್ಟಿದ್ದ. ಈಗ ಯಾಕಾದರೂ ಕೊಟ್ಟೆನೋ ಎನ್ನಿಸುತ್ತಿತ್ತು.

“ಆ ಅಥೆನ್ಸಿನ ಹುಡುಗ ಏನು ಬರೆದಿದಾನೆ, ಒಂದು ಸಲ ಓದು ನೀನೇ,” ಎಂದಳು.

ಸ್ಟಾಮಾಟಿಸ್ ಗೆರೆಗಳ ನಡುವಿನಿಂದ ಹೆಕ್ಕಿ ಓದಿದ: “‘ಹಬ್ಬ, ಮದುವೆಗಳಲ್ಲಿ ಇಲ್ಲಿನ ಗಂಡಸರು ಕುಡುಕನ ಕುಣಿತ ಕುಣಿಯುತ್ತಾರೆ. ಸಾಲಿನ ಮುಂದಾಳು ಕೋಲೂರಿಕೊಂಡು, ಕಾಲು ಅದುರಿಸುತ್ತ ತೂರಾಡುವುದನ್ನು ನೋಡಿ ನಿಮ್ಮ ಹೊಟ್ಟೆ ಹುಣ್ಣಾಗದಿದ್ದರೆ ಕೇಳಿ!’ ಚೆನ್ನಾಗೇ ಇದೆಯಲ್ಲ.”

“ಅದು ಕುಡುಕನ ಕುಣಿತಾನಾ?”

“ಅಲ್ಲ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ನಮ್ಮಜ್ಜನೂ ಸ್ಪಂಜು ಕೀಳೋಕೆ ಸಮುದ್ರದಾಳಕ್ಕೆ ಮುಳುಗಿದವನೇ ಕಣೇ. ಆದ್ರೆ ಬಿಸಿಲು ಕಾಯಿಸ್ಕೊಂಡು, ಸುಟ್ಟ ಆಕ್ಟೋಪಸ್ ತಿಂದ್ಕೊಂಡು ಹೋಗೋಕೆ ಬಂದವರ ತಟ್ಟೆಗೆ ಲಕ್ವ ಬಡಿಸೋಕಾಗತ್ತಾ?”

“ಹಾಗಾದ್ರೆ ಏನೂ ಬಡಿಸಬೇಡ. ಸುಳ್ಳು ಯಾಕೆ ಬಡಿಸ್ತೀಯ? ಅಥೆನ್ಸಿಂದ ಬಂದು ಮೂರು ದಿನ ಇದ್ದು ಹೋದವನಿಗೆ ಇದನ್ನ ಹೇಳಿಕೊಟ್ಟ ಪುಣ್ಯಾತ್ಮ ಯಾರು?”

ಸ್ಟಾಮಾಟಿಸ್ ಫ್ಯಾನಿನ ಗಾಳಿಗೆ ಹಾರದೆ ಸುಮ್ಮನೆ ಬಿದ್ದಿದ್ದ ಕಾಗದದ ಮೇಲೂ ಒಂದು ಕಲ್ಲು ಇಟ್ಟ.

“ಮನೆಗೆ ಹೋಗಿ ನಿಮ್ಮಪ್ಪನ್ನೇ ಕೇಳು,” ಎಂದ. “ಅವರ ಮಾತು ಅಂತ ಬರ್ಕೊಂಡು ಹೋಗಿದಾನೆ ಆ ಹುಡುಗ. ಬದಲಾಯಿಸಬೇಕು ಅಂದ್ರೆ ನೊಮಿಕೋಸ್ ದೊಡ್ಡಪ್ಪನೇ ಬಂದು ಹೇಳಲಿ. ಅವರ ಕಾಲಿನ ವಿಷಯ ನೀನೂ ನಾನೂ ಬರೆಯೋಕಾಗಲ್ಲ ಥೆಮೆಲಿನಾ.”

ಅವಳು ಪೆನ್ನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಬಾಗಿಲಲ್ಲಿ ತಿರುಗಿ, “ಆ ಪುಟ ಹಡಗು ಹತ್ತಿಸಿದ್ಯೋ, ನೋಡು,” ಎಂದಷ್ಟೇ ಹೇಳಿದಳು.

ಮನೆಗೆ ತೊಂಬತ್ತೆರಡು ಮೆಟ್ಟಿಲು. ಹತ್ತುವಾಗ ಪ್ರತಿ ಮೆಟ್ಟಿಲಿಗೂ ಅಪ್ಪನ ಮೇಲೆ ಸಿಟ್ಟು ಏರುತ್ತಿತ್ತು. ನೊಮಿಕೋಸ್ ಎಂದಿನಂತೆ ಹೊಸ್ತಿಲ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯಲ್ಲಿ ಸ್ಪಂಜಿನ ಅಂಚು ಸವರುತ್ತಿದ್ದ. ಅರವತ್ತಾರು ವಯಸ್ಸು. ಸೊಂಟದಿಂದ ಮೇಲೆ ಈಗಲೂ ಎತ್ತಿನಂಥ ಆಳು. ಕೋಲು ಪಕ್ಕದ ಗೋಡೆಗೆ ಒರಗಿತ್ತು.

“ಅದು ಕುಡುಕನ ಕುಣಿತ ಅಂತ ನೀನೇ ಹೇಳಿದ್ಯಂತೆ.”

“ಹ್ಞೂಂ, ಹೇಳಿದೆ. ಒಳ್ಳೇ ಹುಡುಗ. ಸಿಗರೇಟು ಕೊಟ್ಟ.”

“ಅಪ್ಪಾ!”

“ಏನು ಅಪ್ಪ? ಯಾಕೆ ಹಾಗೆ ನಡುಗ್ತಾರೆ ಅಂತ ಬಾಯಲ್ಲಿ ಕುಣಿತದ್ದು ಕೇಳ್ತಾನೆ, ಕಣ್ಣು ನನ್ನ ಕಾಲ ಮೇಲಿದೆ. ಅಳೋ ಮುಖ ಮಾಡ್ಕೊಂಡು ತಯಾರಾಗಿ ನಿಂತಿದಾನೆ. ಕುಡುಕರು ಕಣಪ್ಪ ಅಂದೆ. ನಕ್ಕ. ಇಬ್ಬರಿಗೂ ಹಗುರ ಆಯ್ತು. ಕನಿಕರ ಅನ್ನೋದು ನೀರು ಕುಡಿದ ಸ್ಪಂಜಿದ್ದ ಹಾಗೆ, ಹೊತ್ತುಕೊಂಡಷ್ಟೂ ಭಾರ.”

ಥೆಮೆಲಿನಾ ಹೊಸ್ತಿಲ ಮೇಲೆ ಕೂತಳು. ಮೂವತ್ತೈದು ವರ್ಷದಿಂದ ಯಾರಿಗೂ ಹೇಳದ ಮಾತೊಂದು ಅವಳಲ್ಲಿತ್ತು.

ಅದು ಅಕ್ಟೋಬರ್. ಆರು ತಿಂಗಳು ಆಫ್ರಿಕಾದ ಕರಾವಳಿಯಲ್ಲಿ ಸ್ಪಂಜು ಕಿತ್ತು ದೋಣಿಗಳು ಮರಳಿದ್ದವು. ಹೆಂಗಸರೆಲ್ಲ ಬಂದರಿನ ಕಟ್ಟೆಯ ಮೇಲೆ ಉಸಿರು ಹಿಡಿದು ನಿಂತಿದ್ದರು. ಯಾರು ಇಳಿಯುತ್ತಾರೆ, ಯಾರು ಇಳಿಯುವುದಿಲ್ಲ ಎಂಬುದು ದೋಣಿಯಿಂದ ಕಟ್ಟೆಗೆ ಹಲಗೆ ಇಳಿಸುವ ತನಕ ಗೊತ್ತಾಗುತ್ತಿರಲಿಲ್ಲ. ಐದು ವರ್ಷದ ಥೆಮೆಲಿನಾ ಅಮ್ಮನ ಸೊಂಟದ ಮೇಲಿದ್ದಳು. ಅಪ್ಪ ಇಬ್ಬರ ಹೆಗಲಿಗೆ ಜೋತುಬಿದ್ದು ಹಲಗೆಗೆ ಬಂದ. ಕಾಲುಗಳು ತಟಪಟ ಅದುರುತ್ತಿದ್ದವು. “ಸೆವಾಸ್ತೀ, ಇವತ್ತು ಸಿಕ್ಕಾಪಟ್ಟೆ ಕುಡಿದುಬಿಟ್ಟೆ ಕಣೇ!” ಎಂದು ಅಲ್ಲಿಂದಲೇ ಅಮ್ಮನಿಗೆ ಕೂಗಿದ. ಥೆಮೆಲಿನಾ ಕೈ ತಟ್ಟಿ ತಟ್ಟಿ ನಕ್ಕಳು. ಅಮ್ಮ ನಗಲಿಲ್ಲ. ಕಟ್ಟೆಯ ಮೇಲೆ ಯಾರೂ ನಗಲಿಲ್ಲ.

“ನಾನೊಬ್ಬಳೇ ನಕ್ಕೆ ಅಪ್ಪ,” ಎಂದಳು ಈಗ. “ನೀನು ಹಾಗೆ ಇಳೀತಿದ್ದೆ, ನಾನು ನಗ್ತಿದ್ದೆ.”

ಕತ್ತರಿ ನಿಂತಿತು.

“ಗೊತ್ತು. ಕೇಳಿಸ್ತು,” ಎಂದ ನೊಮಿಕೋಸ್. “ನೀನು ನಕ್ಕಿದ್ದಕ್ಕೇ ಇಳಿದೆ. ಅಷ್ಟೂ ಜನ ಹೆಣ ನೋಡೋ ಥರ ನೋಡ್ತಿದ್ರು. ನೀನೂ ಹಾಗೇ ನೋಡಿದ್ದಿದ್ರೆ ಆ ಹಲಗೆ ಮೇಲಿಂದ ನೀರಿಗೆ ಉರುಳ್ಕೊಳ್ತಿದ್ದೆ.”

ಅವಳು ಕಣ್ಣೊರೆಸಿಕೊಂಡಳು. ಆದರೆ ಹಿಡಿದ ಹಟ ಬಿಡುವವಳಲ್ಲ. ಅದೂ ಅಪ್ಪನಿಂದಲೇ ಬಂದದ್ದು.

“ಆವತ್ತು ನಿಂಗೆ ಆ ಸುಳ್ಳು ಬೇಕಿತ್ತು, ಹೇಳಿದೆ. ಸರಿ. ಇವತ್ತು ಐದು ಸಾವಿರ ಪ್ರತಿ ಅಚ್ಚಾಗತ್ತೆ. ನೀನು ಒಬ್ಬನೇ ಕುಡುಕನಾಗಲ್ಲ. ಕಾಲು ಕಳ್ಕೊಂಡವರು, ಸತ್ತವರು, ಎಲ್ಲರೂ ಆಗ್ತಾರೆ. ಸ್ಕೇವೋಸ್ ಮಾಮ ಕುಡುಕನಾ? ಹೇಳು.”

ನೊಮಿಕೋಸ್‌ನ ಜೊತೆಗಾರ ಸ್ಕೇವೋಸ್. ಇವನ ಕಾಲು ಹೋದ ವಾರವೇ, ಅದೇ ಆಳದಿಂದ ಎದ್ದು ಬಂದವನು ಮುಳುಗುವಾಗ ಹಾಕುವ ತಾಮ್ರದ ಟೋಪಿ ಬಿಚ್ಚುವಷ್ಟರಲ್ಲಿ ಮುಗಿದಿದ್ದ. ಆಫ್ರಿಕಾದ ಮರಳಲ್ಲಿ, ದೋಣಿಯ ಎರಡು ಹುಟ್ಟುಗಳನ್ನು ಅಡ್ಡ ಕಟ್ಟಿದ ಶಿಲುಬೆಯ ಕೆಳಗೆ ಅವನನ್ನು ಹೂತು ಬಂದಿದ್ದರು.

“ಅವನು ಒಂದು ತೊಟ್ಟು ಮುಟ್ಟಿದವನಲ್ಲ,” ಎಂದ ನೊಮಿಕೋಸ್. “ಮದುವೆ ಮನೇಲೂ ನಿಂಬೆ ನೀರು. ರೇಗಿಸ್ತಿದ್ವಿ.”

ಸ್ಪಂಜನ್ನು ಬುಟ್ಟಿಗೆ ಹಾಕಿದ. ಬಂದರಿನ ಬಾಯಿಯ ಕಡೆ ನೋಡಿದ. ಹಡಗು ಇನ್ನೂ ಕಾಣುತ್ತಿರಲಿಲ್ಲ.

“ಬಿಳೀ ಅಂಗಿ ಕೊಡು,” ಎಂದ.

ಜನ ಐದು ನಿಮಿಷದಲ್ಲಿ ಇಳಿಯುವ ಮೆಟ್ಟಿಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ತೋಳು ಹಿಡಿಯಲು ಬಂದವಳಿಗೆ, “ಸೊಂಟದ ಮೇಲೆ ಕೂರಿಸ್ಕೊಂಡೂ ಹೋಗಿಬಿಡು ಮತ್ತೆ!” ಎಂದು ಗದರಿದ. ಅವಳು ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ತನ್ನ ಮೇಲೇ ಬೀಳಲಿ ಎಂಬಂತೆ ಇಳಿದಳು. ಪುರಸಭೆಯ ಬಾಗಿಲು ತಲುಪುವ ಹೊತ್ತಿಗೆ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಬರ್ಕೋ ಸ್ಟಾಮಾಟಿಸ್,” ಎಂದ, ಕೂರದೆಯೇ. “ನಾನು ಸುಳ್ಳು ಹೇಳಿದೆ. ಅದು ಮುಳುಗುವವರ ಕುಣಿತ. ಮೂವತ್ತೆಂಟು ಮಾರು ಆಳದಿಂದ ಬೇಗ ಮೇಲೆ ಬಂದ್ರೆ ಕಾಲು ಹೀಗಾಗತ್ತೆ. ನಿಂತು ನಿಂತು ನಿಧಾನವಾಗಿ ಹತ್ತಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಹಾಗೇ ಬರಿ.”

ಸ್ಟಾಮಾಟಿಸ್ ತಲೆ ಎತ್ತದೆ ಬರೆದ. ಅವನಿಗೂ ಒಬ್ಬ ಅಜ್ಜನಿದ್ದನಲ್ಲ. ಬರೆದುದನ್ನು ಓದಿ, ಕೊನೆಗೆ ತನ್ನದೂ ಒಂದು ಮಾತು ಸೇರಿಸಿದ: “‘ದಯವಿಟ್ಟು ಯಾರೂ ನಗಬಾರದು.’”

“ಅದನ್ನ ಹೊಡೆದುಹಾಕು,” ಎಂದ ನೊಮಿಕೋಸ್. “ನಗೋರು ನಗಲಿ. ಗೊತ್ತಿದ್ದು ನಗಲಿ. ಆಮೇಲೆ, ಕೊನೇಲಿ ಮುಂದಾಳು ಕೋಲು ಬಿಸಾಡಿ ನೆಟ್ಟಗೆ ಕುಣೀತಾನಲ್ಲ, ಅದನ್ನ ಬಿಟ್ಟಿದಾನೆ ಆ ಹುಡುಗ. ಅದನ್ನೂ ಹಾಕು.”

“ನಿಜವಾಗಿ ಹಾಗೆ ಬಿಸಾಡಿದೋರು ಯಾರಾದ್ರೂ ಇದಾರಾ ದೊಡ್ಡಪ್ಪ?”

“ಒಬ್ಬನೂ ಇಲ್ಲ. ಅದಕ್ಕೇ ಕುಣಿಯೋದು.”

ತಿದ್ದಿದ ಪ್ರತಿಯ ಲಕೋಟೆಯನ್ನು ಥೆಮೆಲಿನಾಳೇ ತೆಗೆದುಕೊಂಡು, ಅಪ್ಪನ ಜೊತೆ ಬಂದರಿನ ಕಟ್ಟೆಗೆ ನಡೆದಳು. ಹಡಗು ಬಂದರಿನ ಬಾಯಿ ದಾಟಿ ಒಳಗೆ ತಿರುಗುತ್ತಿತ್ತು. ಕಟ್ಟೆಯುದ್ದಕ್ಕೂ ಗಂಟುಮೂಟೆ ಹಿಡಿದ ಪ್ರವಾಸಿಗರು. ಅವರ ನಡುವೆ, ಹುಲ್ಲಿನ ಟೋಪಿ ಹಾಕಿಕೊಂಡು ಪೆಟ್ಟಿಗೆಯ ಮೇಲೆ ಕೂತಿದ್ದ ಒಂದು ಪುಟ್ಟ ಹುಡುಗಿ ನೊಮಿಕೋಸ್ ನಡೆದು ಬರುವುದನ್ನು ನೋಡಿ ಕಿಲಕಿಲ ನಕ್ಕಿತು. ಅದರ ತಾಯಿ ಮುಜುಗರದಿಂದ ಕೆಂಪಾಗಿ, ಮಗುವಿನ ಬಾಯಿ ಮುಚ್ಚಿದಳು.

ನೊಮಿಕೋಸ್ ನಿಂತ. ತಾಯಿಯ ಕಡೆ ಬೆರಳಾಡಿಸಿ, ಬಿಡು ಎಂದು ಸನ್ನೆ ಮಾಡಿದ. ಆಮೇಲೆ ಕೋಲನ್ನು ಮಗಳ ಕಡೆ ಚಾಚಿದ.

“ಹಿಡ್ಕೋ.”

“ಅಪ್ಪ, ಬೇಡ.”

“ಹಿಡ್ಕೋ ಅಂದೆ.”

ಥೆಮೆಲಿನಾ ಲಕೋಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೋಲು ಹಿಡಿದಳು. ಅವನು ಎರಡೂ ಕೈಗಳನ್ನು ಹೆಗಲೆತ್ತರಕ್ಕೆ ಚಾಚಿದ. ಮೊಣಕಾಲು ಅದುರುತ್ತಿತ್ತು. ಅವಳು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದಳು. ಟೋಪಿಯ ಹುಡುಗಿ ಕೈ ತಟ್ಟುತ್ತಿತ್ತು. ನಾಲ್ಕಕ್ಕೆ ಅವನ ಕೈ ಗಾಳಿಯಲ್ಲಿ ಕೋಲಿಗಾಗಿ ತಡಕಾಡಿತು. ಥೆಮೆಲಿನಾ ಕೋಲಿನ ಬದಲು ತನ್ನ ಹೆಗಲು ಕೊಟ್ಟಳು. ಈ ಸಲ ಅವನು ಗದರಲಿಲ್ಲ.

ಹಡಗಿನ ಹಲಗೆ ಕಟ್ಟೆಯ ಮೇಲೆ ಇಳಿಯಿತು.