ಕಷ್ಟದ ಸ್ವಿಚ್ಚು

ಹೋದ ಭಾನುವಾರದವರೆಗೆ ತನ್ನ ಹೊಟ್ಟೆಯೊಳಗೆ ಇಷ್ಟೊಂದು ಕಿಚ್ಚು ಇದೆಯೆಂದು ಅಕ್ಕನಿಗೆ ಗೊತ್ತಿರಲಿಲ್ಲ.

ಅವಳದು ಹಳೆಯ ವಿಡಿಯೋ ಗೇಮ್ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ಬೀರುವಿನೆತ್ತರದ ಮರದ ಪೆಟ್ಟಿಗೆ, ಎದೆಮಟ್ಟದಲ್ಲಿ ಒಂದು ಕೋಲು, ಎರಡು ಗುಂಡಿ, ಮೇಲೆ ಉಬ್ಬಿದ ಗಾಜಿನ ಪರದೆ. ಅಂಥ ಯಂತ್ರ ಯಾವುದೇ ಬರಲಿ, ಅವಳು ಮೊದಲು ಕರೆಂಟ್ ಅಳೆಯುವ ಮೀಟರ್ ಹಚ್ಚಿ ನೋಡುವಳು, ಕಂಡದ್ದನ್ನು ಬರೆದುಕೊಳ್ಳುವಳು, ಬರೆದದ್ದು ಸರಿಯೇ ಎಂದು ಮತ್ತೊಮ್ಮೆ ಮೀಟರ್ ಹಚ್ಚುವಳು. ಅದಕ್ಕೇ ತಂಗಿ ಅವಳಿಗೆ ‘ಮೀಟರಕ್ಕ’ ಎಂದು ಹೆಸರಿಟ್ಟಿದ್ದಳು.

ಹನ್ನೊಂದು ವರ್ಷದಿಂದ ಕಾರ್ಯಾಗಾರದ ಮೂಲೆಯಲ್ಲಿದ್ದದ್ದು ಅವಳ ಸ್ವಂತ ಯಂತ್ರ, ‘ಗೂಬೆ ರಾಣಿ’. ರಾಣಿಯೊಬ್ಬಳು ಬಿಳಿ ಗೂಬೆಯ ಬೆನ್ನೇರಿ ಬಾಣ ಬಿಡುತ್ತ ಹಾರಬೇಕು. ಕಾಡು, ಮೋಡ, ಪಾಳುಕೋಟೆ ಎಲ್ಲವೂ ಬಲದಿಂದ ಎಡಕ್ಕೆ ತಮ್ಮಷ್ಟಕ್ಕೆ ತಾವೇ ಸರಿಯುತ್ತವೆ. ಒಂದು ಗಳಿಗೆ ನಿಲ್ಲುತ್ತೇನೆಂದರೂ ಆಟ ಬಿಡುವುದಿಲ್ಲ. ರೆಕ್ಕೆ ಬಂದ ಕಪ್ಪೆಗಳು, ಮಂತ್ರವಾದಿಗಳು, ಕೊನೆಗೆ ಏಳು ಹೆಡೆಯ ಸರ್ಪ, ಎಲ್ಲರ ಬಾಯಲ್ಲೂ ಬೆಂಕಿಯುಂಡೆ. ಯಾವ ಕಪ್ಪೆ ಎಲ್ಲಿಂದ ಹಾರುತ್ತದೆ, ಯಾವ ಉಂಡೆ ಯಾವ ಕೋನದಲ್ಲಿ ಬರುತ್ತದೆ ಎಂಬುದನ್ನೆಲ್ಲ ಅಕ್ಕ ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿ ಕಲಿತಿದ್ದಳು. ಹಾಗೆ ಗಳಿಸಿದ ನಾಲ್ಕು ಲಕ್ಷದ ಹನ್ನೆರಡು ಸಾವಿರ ಅಂಕ, ಅದರ ಪಕ್ಕದಲ್ಲಿ ಅವಳ ಹೆಸರಿನ ಮೂರು ಅಕ್ಷರ, ಪಟ್ಟಿಯ ತುದಿಯಲ್ಲಿ ಅಲುಗದೆ ಕೂತಿದ್ದವು.

ಈ ಭಾನುವಾರ ಕಳೆದು ಸೋಮವಾರ ಬೆಳಗ್ಗೆ ಆ ಯಂತ್ರ ವಿಜ್ಞಾನ ಸಂಗ್ರಹಾಲಯಕ್ಕೆ ಹೋಗುವುದಿತ್ತು. ಅಲ್ಲಿ ಅದನ್ನು ಯಾರೂ ಆಡುವುದಿಲ್ಲ, ನೋಡುತ್ತಾರೆ ಅಷ್ಟೆ. “ಅಂಕದ ಪಟ್ಟಿ ಅಳಿಸಬೇಡಿ, ಹಾಗೇ ಇರಲಿ. ಅದೂ ಒಂದು ದಾಖಲೆ ತಾನೆ?” ಎಂದು ಅಲ್ಲಿನ ಮೇಡಂ ಫೋನಿನಲ್ಲಿ ಹೇಳಿದ್ದರು. ಅವತ್ತು ಅಕ್ಕ ಖುಷಿಗೆ ಎರಡು ಲೋಟ ಚಹಾ ಕುಡಿದಿದ್ದಳು.

ಅದಾಗಿ ಮೂರು ದಿನಕ್ಕೆ, ಹೋದ ಭಾನುವಾರ, ತಂಗಿ ಬಂದಳು. ಅವಳು ಹಲ್ಲಿನ ಡಾಕ್ಟರು. ಸುಮ್ಮನೆ ನಿಂತವಳು, “ಇದನ್ನ ಯಾವತ್ತೂ ಆಡೇ ಇಲ್ವಲ್ಲೇ ನಾನು” ಎಂದು ಕೋಲು ಹಿಡಿದಳು. ಮೊದಲ ಆಟದಲ್ಲಿ ಕಾಡು ದಾಟಲಿಲ್ಲ. ಎರಡನೆಯದರಲ್ಲಿ ಕೋಟೆಯವರೆಗೆ ಹೋದಳು. ಮೂರನೆಯದು ಮುಗಿದಾಗ ನಾಲ್ಕು ಲಕ್ಷದ ಒಂಬತ್ತು ಸಾವಿರ.

“ಅಯ್ಯೋ, ಕೂದಲೆಳೆಯಲ್ಲಿ ತಪ್ಪಿತು! ಮುಂದಿನ ವಾರ ಬಂದು ನಿನ್ನ ಮಣ್ಣುಮುಕ್ಕಿಸ್ತೀನಿ ನೋಡು.”

“ಬಾ, ಬಾ” ಎಂದು ಅಕ್ಕ ನಕ್ಕಳು. ದವಡೆ ನೋಯುವಷ್ಟು ನಕ್ಕಳು.

ತಂಗಿ ಯಾವಾಗಲೂ ಹೀಗೆಯೇ. ಅಕ್ಕ ಎರಡು ತಿಂಗಳು ಮಂಡಿ ತರಚಿಕೊಂಡು ಕಲಿತ ಸೈಕಲ್ಲನ್ನು ಅವಳು ಒಂದು ಮಧ್ಯಾಹ್ನದಲ್ಲಿ ಕಲಿತಳು. ಅಕ್ಕ ಉರುಹೊಡೆದ ಪಾಠ ಪಕ್ಕದಲ್ಲಿ ಕೂತ ತಂಗಿಗೆ ಬಾಯಿಪಾಠವಾಗುತ್ತಿತ್ತು. “ದೊಡ್ಡವಳದು ದುಡಿಮೆ, ಚಿಕ್ಕವಳದು ಕೈಗುಣ” ಎಂದು ಅಮ್ಮ ಬಂದವರಿಗೆಲ್ಲ ಹೇಳುವಳು. ಇಬ್ಬರನ್ನೂ ಹೊಗಳಿದೆನೆಂದೇ ಅವಳ ನಂಬಿಕೆ. ಅಕ್ಕನಿಗೆ ಮಾತ್ರ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಇವತ್ತಿಗೂ ಚುಚ್ಚುತ್ತಿತ್ತು.

ಈ ಭಾನುವಾರ ಊಟವಾದ ಮೇಲೆ ತಂಗಿ ಬರುವ ಮೊದಲೇ ಅಕ್ಕ ಯಂತ್ರದ ಹಿಂಬಾಗಿಲು ತೆರೆದಳು. ಒಳಗಿನ ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಎಂಟು ಸ್ವಿಚ್ಚುಗಳು. ಅವುಗಳಲ್ಲಿ ಎರಡು ಆಟದ ಕಷ್ಟವನ್ನು ತೀರ್ಮಾನಿಸುತ್ತವೆ: ಸುಲಭ, ಸಾಧಾರಣ, ಕಷ್ಟ, ಅತಿ ಕಷ್ಟ. ಕಾರ್ಖಾನೆಯವರು ಸಾಧಾರಣದಲ್ಲಿಟ್ಟು ಕಳಿಸುತ್ತಾರೆ. ಕಾರ್ಖಾನೆ ಇಟ್ಟದ್ದನ್ನು ಕದಲಿಸಬಾರದೆಂಬುದು ಅವಳ ಕಾರ್ಯಾಗಾರದ ಮೊದಲ ನಿಯಮ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನ್ನು ಮುಟ್ಟಿರಲಿಲ್ಲ. ಈಗ ಪೆನ್ನಿನ ತುದಿಯಿಂದ ಎರಡನ್ನೂ ಅತಿ ಕಷ್ಟಕ್ಕೆ ತಳ್ಳಿದಳು. ಹಿಂಬಾಗಿಲು ಮುಚ್ಚಿ ತಿರುಪು ಬಿಗಿದಳು.

ತಂಗಿ ಬಂದವಳೇ ಚಪ್ಪಲಿ ಕಳಚಿ, ತೋಳು ಮಡಚಿ, ಯಂತ್ರದ ಮುಂದೆ ನಿಂತಳು. “ಮೀಟರಕ್ಕ, ಅಳಬಾರದು ಆಮೇಲೆ.”

“ಮೊದಲು ಕಪ್ಪೆ ಹೊಡಿ. ಬಾಯಿ ಆಮೇಲೆ ಹೊಡೆಯುವೆಯಂತೆ.”

ಕಾಡು ಕಳೆಯುವಷ್ಟರಲ್ಲೇ ಕಪ್ಪೆಗಳು ದುಪ್ಪಟ್ಟಾಗಿದ್ದವು. ಒಂದು ಆಟಕ್ಕೆ ಮೂರು ಗೂಬೆ, ಅಂದರೆ ಮೂರು ಜೀವ. ತಂಗಿ ಒಂದನ್ನು ಕಳೆದುಕೊಂಡಳು, ಉಳಿದದ್ದು ಎರಡು. ಅಕ್ಕನ ಹೊಟ್ಟೆಯ ಕಿಚ್ಚಿಗೆ ತುಸು ತಣ್ಣೀರು ಬಿದ್ದಂತಾಯಿತು. ಆಮೇಲೆ ಮೋಡಗಳ ಹಂತ ಬಂತು, ಮಂತ್ರವಾದಿಗಳು ಸಾಲುಗಟ್ಟಿದರು, ಪರದೆಯ ತುಂಬ ಬೆಂಕಿಯುಂಡೆ ಸಾಸಿವೆ ಚೆಲ್ಲಿದಂತೆ ಹರಡಿತು. ಆಗ ಉಂಡೆಗಳ ವೇಗ ಕುಗ್ಗಿತು. ರಾಣಿಯೂ ನಿಧಾನವಾದಳು, ಮೋಡಗಳೂ.

ಅಕ್ಕನಿಗೆ ತಕ್ಷಣ ಹೊಳೆಯಿತು. ಸೆಕೆಂಡಿಗೆ ಅರವತ್ತು ಸಲ ಪರದೆಯ ಮೇಲಿನ ಪ್ರತಿಯೊಂದನ್ನೂ ಹೊಸದಾಗಿ ಬರೆಯಬೇಕಾದ ಬಡಪಾಯಿ ಹಳೆಯ ಎಲೆಕ್ಟ್ರಾನಿಕ್ ಚಿಪ್ ಅದು. ಹೊರೆ ಹೆಚ್ಚಾದರೆ ಏದುಸಿರು ಬಿಡುತ್ತದೆ, ಇಡೀ ಆಟವೇ ತೆವಳುತ್ತದೆ. ಬೇರೆ ಯಂತ್ರಗಳ ವಿಷಯದಲ್ಲಿ ಈ ಮಾತನ್ನು ಗಿರಾಕಿಗಳಿಗೆ ನೂರು ಸಲ ಬಿಡಿಸಿ ಹೇಳಿದ್ದವಳು ಅವಳೇ. ಶತ್ರುಗಳು ಹೆಚ್ಚಾದಷ್ಟೂ ಹೊಡೆದು ಗಳಿಸುವ ಅಂಕವೂ ಹೆಚ್ಚು, ಉಂಡೆ ಹೆಚ್ಚಾದಷ್ಟೂ ತಪ್ಪಿಸಿಕೊಳ್ಳಲು ಸಮಯವೂ ಹೆಚ್ಚು. ಎದುರಿಗಿರುವವಳಾದರೋ ಬಾಯೊಳಗಿನ ಕಾಳಿನಷ್ಟು ಜಾಗದಲ್ಲಿ ದಿನವಿಡೀ ಕೈ ಆಡಿಸುವವಳು. ತಂಗಿ ಉಂಡೆಗಳ ನಡುವೆ ದಾರ ಪೋಣಿಸಿದಂತೆ ಸಾಗಿದಳು.

ಏಳು ಹೆಡೆಗಳೂ ಉರುಳಿದವು. ಆರು ಲಕ್ಷದ ನಲವತ್ತು ಸಾವಿರ. ‘ನಿಮ್ಮ ಹೆಸರು ಬರೆಯಿರಿ’ ಎಂದಿತು ಯಂತ್ರ. ಮೂಲೆಯಲ್ಲಿ ಅರವತ್ತರಿಂದ ಸೆಕೆಂಡುಗಳು ಇಳಿಯತೊಡಗಿದವು. ಆ ಮೂರು ಅಕ್ಷರ ಯಾರವೋ ಅವರೇ ಸಂಗ್ರಹಾಲಯದಲ್ಲಿ ಶಾಶ್ವತ.

ತಂಗಿ ಕುಣಿಯಲಿಲ್ಲ. ತಿರುಗಿ ಅಕ್ಕನನ್ನು ನೋಡಿದಳು. ಕಣ್ಣು ತೇವವಾಗಿತ್ತು.

“ಕಳ್ಳಿ. ಸುಲಭ ಮಾಡಿ ಇಟ್ಟಿದ್ದೀಯ, ಅಲ್ವಾ? ಹೋದ ವಾರ ಉಂಡೆಗಳು ಜೇನುನೊಣದ ಥರ ಬರ್ತಿದ್ವು, ಇವತ್ತು ಇರುವೆ ಥರ. ಕೊನೇ ಸಲ ಗೆಲ್ಲಲಿ ಪಾಪ ಅಂತ ತಾನೆ?” ಮತ್ತೆ ಕೋಲಿಗೆ ಕೈ ಹಾಕಿದಳು. “ಹೀಗೆ ಗೆದ್ದಿದ್ದು ನನಗೆ ಬೇಡಮ್ಮ. ನಿನ್ನ ಹೆಸರೇ ಹಾಕ್ತೀನಿ.”

ಮೊದಲ ಅಕ್ಷರ ಬಿತ್ತು. ಅಕ್ಕನದು.

ಸುಮ್ಮನಿದ್ದರೆ ಸಾಕಿತ್ತು. ಎರಡು ಅಕ್ಷರದ ಮೌನ. ನಾಲ್ಕು ಲಕ್ಷವಲ್ಲ, ಆರು ಲಕ್ಷದ ನಲವತ್ತು ಸಾವಿರ ಅವಳದಾಗುತ್ತಿತ್ತು. ಎರಡನೆಯ ಅಕ್ಷರವೂ ಬಿತ್ತು. ಪಟ್ಟಿಯ ತುದಿಯಲ್ಲಿ ಆ ಹೆಸರನ್ನು ಅಕ್ಕ ಆಗಲೇ ಕಣ್ಣಾರೆ ಕಂಡಳು. ಕಂಡೊಡನೆ ಇಷ್ಟು ದಿನದ ಕಿಚ್ಚಿಗೆ ತುಪ್ಪ ಸುರಿದಂತಾಯಿತು. ಗೆಲ್ಲುವುದೂ ಇವಳೇ, ಗೆದ್ದದ್ದನ್ನು ಎತ್ತಿ ಕೊಡುವ ದೊಡ್ಡ ಮನಸ್ಸೂ ಇವಳದೇ! ಅದನ್ನಾದರೂ ತನಗೆ ಬಿಡಬಾರದೆ?

“ನಿಲ್ಲಿಸೇ!”

ತಂಗಿ ಬೆಚ್ಚಿ ಕೈ ತೆಗೆದಳು.

“ಸುಲಭ ಅಲ್ಲ ಅದು. ಅತಿ ಕಷ್ಟ. ನಾನೇ ಇಟ್ಟಿದ್ದು, ನೀನು ಸೋಲಲಿ ಅಂತ. ಉಂಡೆ ಜಾಸ್ತಿಯಾಗಿ ಚಿಪ್‌ಗೆ ತಡೆಯೋಕಾಗಲಿಲ್ಲ, ಅದಕ್ಕೇ ನಿಧಾನ ಆಗಿದ್ದು. ನನಗೆ ಮೊದಲೇ ಗೊತ್ತಿರಬೇಕಿತ್ತು, ಹೊಳೀಲಿಲ್ಲ.”

ಮೂಲೆಯಲ್ಲಿ ಇಪ್ಪತ್ತೊಂದು, ಇಪ್ಪತ್ತು.

ತಂಗಿಯ ಮುಖ ಕೆಂಪಾಯಿತು. “ನಾನು ಸೋಲಲಿ ಅಂತ? ನಿಜವಾಗ್ಲೂ?”

“ನಿಜವಾಗ್ಲೂ.”

“ಮೀಟರ್ ಹಚ್ಚಿ, ಅಳೆದು, ಹೀಗೆ ತಪ್ಪು ಮಾಡೋದು ಲೋಕದಲ್ಲಿ ನಿನ್ನೊಬ್ಬಳಿಗೇ ಬರೋದು ಕಣೇ.” ಮಾತಿನಲ್ಲಿ ನಗು ಇತ್ತು, ಮುಖದಲ್ಲಿ ಇರಲಿಲ್ಲ. ಅವಳು ಯಂತ್ರದ ಕಡೆ ತಿರುಗಿ, ಎರಡೂ ಅಕ್ಷರ ಅಳಿಸಿ, ಟಕಟಕನೆ ತನ್ನ ಮೂರನ್ನು ಬರೆದಳು. ಪಟ್ಟಿ ಮೂಡಿತು. ತುದಿಯಲ್ಲಿ ತಂಗಿ, ಅವಳ ಕೆಳಗೆ ಅಕ್ಕ.

“ಸರಿ, ಈಗ ನೀನು ಆಡು” ಎಂದು ತಂಗಿ ಪಕ್ಕಕ್ಕೆ ಸರಿದಳು. “ನನಗೆ ಇಟ್ಟೆಯಲ್ಲ, ಅದೇ ಕಷ್ಟದಲ್ಲಿ. ನಾಳೆ ಬೆಳಗ್ಗೆವರೆಗೂ ಯಂತ್ರ ನಿನ್ನದೇ ತಾನೆ? ನಾನೂ ಇರ್ತೀನಿ.”

ಅಕ್ಕ ಕೋಲು ಹಿಡಿದಳು. ಗ್ರಾಫಿನಲ್ಲಿ ಗುರುತಿಸಿದ ಒಂದು ಕಪ್ಪೆಯೂ ತನ್ನ ಜಾಗದಲ್ಲಿರಲಿಲ್ಲ. ಮೂರು ಗೂಬೆಗಳೂ ಕಾಡಿನಲ್ಲೇ ಸತ್ತವು. ಮತ್ತೆ ಶುರು ಮಾಡಿದಳು. ಈ ಸಲ ಮೋಡಗಳವರೆಗೆ ಬಂದಳು. ಉಂಡೆಗಳು ತೆವಳತೊಡಗಿದಾಗ ರಾಣಿಯನ್ನು ಅತ್ತಿತ್ತ ನೂಕಾಡಿ, ತಾನಾಗಿಯೇ ಹೋಗಿ ಬೆಂಕಿಗೆ ಬಿದ್ದಳು.

“ಅಲ್ಲಿ ಯಾಕಕ್ಕ ಅಷ್ಟು ಅವಸರ ನಿನಗೆ? ಸುಮ್ಮನೆ ಇದ್ದಿದ್ರೆ ಅದೇ ಪಕ್ಕದಲ್ಲಿ ಹೋಗ್ತಿತ್ತು.”

“ನೀನು ಬಾಯಿ ಮುಚ್ಚು” ಎಂದಳು ಅಕ್ಕ. ಪರದೆಯಿಂದ ಕಣ್ಣು ತೆಗೆಯದೆ ಮತ್ತೆ ಗುಂಡಿ ಒತ್ತಿದಳು.